ಸಂಘದ ಹೊಲಕ್ಕೆ ಹೆಗಲು ಕೊಡುವವರಿಗೆ ಹನ್ನೆರಡು ಸೂತ್ರಗಳು

ಹತ್ತು ಹನ್ನೆರಡು ಹೆಣ್ಣುಮಕ್ಕಳು ಸೇರಿ ಎರಡು ಎಕರೆಯಲ್ಲಿ ತೊಗರಿ, ಸಜ್ಜೆ, ನವಣೆ ಹಾಕಿರುತ್ತಾರೆ. ವೃದ್ಧಾಶ್ರಮದ ಹಿತ್ತಲಲ್ಲಿ ಅರ್ಧ ಎಕರೆ ಕಾಯಿಪಲ್ಲೆ ಇರುತ್ತದೆ. ಹಾಸ್ಟೆಲಿನ ಮಕ್ಕಳ ಊಟಕ್ಕೆಂದು ಊರಿನವರೇ ನಿಂತು ಬದನೆ, ಪುಂಡಿಪಲ್ಲೆ, ನುಗ್ಗೆ ಬೆಳೆದು ಕೊಡುತ್ತಾರೆ. ಒಬ್ಬರ ಹೆಸರಿಗೆ ಲಾಭ ಹೋಗದ, ಹತ್ತು ಕೈ ಸೇರಿ ಮಾಡುವ ಇಂಥ ಸಾಗುವಳಿಗೆ ಇಲ್ಲಿ ಸಂಘದ ಹೊಲ ಎನ್ನುತ್ತೇನೆ. ನೆರವು ಸಿಗದೆ ಸೊರಗುವ ಹೊಲಗಳಿವೆ. ಹೊತ್ತು ತಪ್ಪಿ ಬಂದ ನೆರವಿನಿಂದ ಸೊರಗುವ ಹೊಲಗಳೂ ಇವೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ಮೈಯಿಂದಲೋ ಹಣದಿಂದಲೋ ಇಂಥ ಹೊಲದ ಜೊತೆ ನಿಲ್ಲಬೇಕೆಂದಿರುವವರಿಗಾಗಿ, ಮತ್ತು ಇಲ್ಲಿಂದ ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ ಊರಿಗೆ ಏನಾದರೂ ಮಾಡಬೇಕೆಂದು ಹಂಬಲಿಸುವವರಿಗಾಗಿ ಈ ಸೂತ್ರಗಳು.

1. ಮೊದಲ ಸಲ ಬರಿಗೈಯಲ್ಲಿ ಹೋಗಿ

ಸಸಿ ಬೇಡ, ಚೆಕ್ಕು ಬೇಡ, ಬ್ಯಾನರಂತೂ ಬೇಡವೇ ಬೇಡ. ಬದುವಿನ ಮೇಲೆ ಕೂತು ಕೇಳಿ: "ಯಕ್ಕ, ಈ ವರ್ಷ ಏನ್ ಕಡಿಮಿ ಬಿದ್ದೈತಿ?" ಆ ಪ್ರಶ್ನೆಗೆ ಬರುವ ಉತ್ತರ ಊರಿಂದೂರಿಗೆ ಬೇರೆ. ಸಿಂಧನೂರಿನ ಬಹುಪಾಲು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಂಡ ಎರೆ ನೆಲ, ಭತ್ತದ ನಾಡು. ಮಸ್ಕಿಗೆ ಬಂದರೆ ಅದೇ ಕಾಲುವೆಯ ಕೆಳಭಾಗದ ರೈತರ ಗೋಳು ಒಂದು ಕಡೆ, ಮಳೆಯನ್ನೇ ನಂಬಿದ ಹೊಲಗಳು ಇನ್ನೊಂದು ಕಡೆ. ಲಿಂಗಸುಗೂರಿನಲ್ಲಿ ಮಸಾರಿ ನೆಲವಿದೆ, ಕಲ್ಲು ನೆಲವಿದೆ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಂಡ ಹೊಲಗಳೂ ಇವೆ. ಒಂದು ಕಡೆ ಕೈಹಿಡಿದ ಬೀಜ ಇನ್ನೊಂದು ಕಡೆ ಮಣ್ಣುಪಾಲು. ಆದ್ದರಿಂದ ಕೊಡುವ ಮೊದಲ ದೇಣಿಗೆ ಮಣ್ಣು ಪರೀಕ್ಷೆಯ ಖರ್ಚಾದರೆ ಬಹಳ ಒಳ್ಳೆಯದು. ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣಿನ ಮಾದರಿ ಹೊತ್ತು ಹೋಗಿ ಬರುವುದೂ ಒಂದು ಸೇವೆಯೇ.

2. ಹೊಲದ ಪಂಚಾಂಗವನ್ನು ನಿಮ್ಮ ಗೋಡೆಗೆ ತೂಗುಹಾಕಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ನಮ್ಮ ಸೇವಾ ಉತ್ಸಾಹ ಜೂನ್ 5ರ ಪರಿಸರ ದಿನಕ್ಕೆ, ಅಕ್ಟೋಬರ್ 2ಕ್ಕೆ, ಹುಟ್ಟುಹಬ್ಬಕ್ಕೆ ಉಕ್ಕುತ್ತದೆ. ಹೊಲ ಕೈ ಬೇಡುವ ದಿನಗಳೇ ಬೇರೆ.

ಜೂನ್ 5ಕ್ಕೆ ರಾಯಚೂರು ಸೀಮೆಯಲ್ಲಿ ಬಿಸಿಲು ಇನ್ನೂ ಇಳಿದಿರುವುದಿಲ್ಲ. ಆವತ್ತು ನೆಟ್ಟ ಸಸಿಗೆ ದಿನಾ ನೀರು ಹೊರುವವರಿಲ್ಲದಿದ್ದರೆ ಅದು ಫೋಟೊದಲ್ಲಷ್ಟೇ ಹಸಿರಾಗಿ ಉಳಿಯುತ್ತದೆ. ಇಲ್ಲಿ ಒಳ್ಳೆಯ ಮಳೆ ಬೀಳುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಬದುವಿನ ಮೇಲೆ ನುಗ್ಗೆ, ಬೇವು, ಹೊಂಗೆ ಹಚ್ಚಲು ಭೂಮಿ ಹಸಿಯಾದ ಮೇಲೆ ಬನ್ನಿ.

ಉಳಿದದ್ದನ್ನು ಹೀಗೆ ಬರೆದಿಟ್ಟುಕೊಳ್ಳಿ. ಏಪ್ರಿಲ್, ಮೇ: ತಿಪ್ಪೆಗೊಬ್ಬರ ಹೇರುವುದು, ಒಡೆದ ಬದು ಕಟ್ಟುವುದು, ಹೊಂಡದ ಹೂಳು ತೆಗೆಯುವುದು. ಸುಡುಬಿಸಿಲಿನ ಈ ಕೆಲಸಕ್ಕೆ ಜನ ಸಿಗುವುದೇ ಕಷ್ಟ, ಬೆಳಗಿನ ಆರರಿಂದ ಒಂಬತ್ತರವರೆಗೆ ಮಾತ್ರ ಇಟ್ಟುಕೊಳ್ಳಿ. ಜೂನ್, ಜುಲೈ: ಮುಂಗಾರಿ ಬಿತ್ತನೆ. ಬಿತ್ತನೆಗೆ ಸಿಗುವ ಹದ ನಾಲ್ಕೈದು ದಿನದ್ದು, ಆಗ ಟ್ರ್ಯಾಕ್ಟರ್ ಬಾಡಿಗೆಯ ಹಣ ಕೈಯಲ್ಲಿರಬೇಕು. "ಮುಂದಿನ ತಿಂಗಳು ಹಾಕುತ್ತೇನೆ" ಎಂಬ ಮಾತು ಹೊಲಕ್ಕೆ ತಿಳಿಯುವುದಿಲ್ಲ. ಆಗಸ್ಟ್: ಕಳೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್: ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ. ನವೆಂಬರಿನಿಂದ ಹತ್ತಿ ಬಿಡಿಸುವುದು, ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ, ಫೆಬ್ರವರಿ ದಾಟಿದರೆ ಜೋಳದ ಕೊಯ್ಲು. ವರ್ಷಕ್ಕೆ ನಾಲ್ಕೇ ದಿನ ಕೊಡಲು ಸಾಧ್ಯವೇ? ಎರಡು ಕಳೆಗೆ, ಎರಡು ರಾಶಿಗೆ ಕೊಡಿ.

3. ಕೂಲಿಯ ಹೊಟ್ಟೆಯ ಮೇಲೆ ನಿಮ್ಮ ಶ್ರಮದಾನ ಬೀಳದಿರಲಿ

ಈ ಮೂರೂ ತಾಲ್ಲೂಕುಗಳಿಂದ ಪ್ರತಿ ವರ್ಷ ಜನ ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರಲ್ಲಿ ನಮ್ಮ ಊರಿನವರೂ ಇದ್ದಾರೆ. ಊರಿನಲ್ಲಿ ನಾಲ್ಕು ದಿನದ ಕೂಲಿ ಸಿಕ್ಕರೆ ಬಸ್ಸು ಹತ್ತುವುದು ನಾಲ್ಕು ದಿನ ಮುಂದಕ್ಕೆ ಹೋಗುತ್ತದೆ. ಅಂಥಲ್ಲಿ ನಾವು ಇಪ್ಪತ್ತು ಜನ ಉತ್ಸಾಹದಿಂದ ಹೋಗಿ ಪುಕ್ಕಟೆ ಕಳೆ ಕಿತ್ತು ಬಂದರೆ, ಆ ದಿನ ಯಾವುದೋ ಮನೆಯ ಒಲೆಯ ಲೆಕ್ಕ ತಪ್ಪಿರುತ್ತದೆ. ನನಗೆ ಈ ವಿಷಯದಲ್ಲಿ ರಾಜಿಯಿಲ್ಲ. ಹೊಲದಲ್ಲಿ ಇಳಿದು ಮಾಡುವ ಕೆಲಸವಿದ್ದರೆ ಒಂದು ಕಣ್ಣು ಕೂಲಿಯ ಕಡೆಗಿರಲಿ: ನೀವು ಐದು ಜನ ಬಂದರೆ ಐದು ಜನರ ಕೂಲಿಯ ಹಣವನ್ನೂ ತನ್ನಿ, ಜೊತೆಗೇ ಸಾಲು ಹಿಡಿಯಿರಿ. ಕಲಿಯುವುದು ನಿಮಗೆ, ಗಳಿಸುವುದು ಅವರಿಗೆ.

ಹಿಂದೆ ನಮ್ಮಲ್ಲಿ ಮುಯ್ಯಿ ಇತ್ತು. ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಅಲ್ಲಿ ಯಾರೂ ದಾನಿಯಲ್ಲ, ಯಾರೂ ಕೈಯೊಡ್ಡಿದವರಲ್ಲ. ಸಂಘದ ಹೊಲಕ್ಕೆ ಹೋಗುವ ಪಟ್ಟಣದವರು ಮುಯ್ಯಿಯನ್ನು ಇನ್ನೊಂದು ಬಗೆಯಲ್ಲಿ ತೀರಿಸಬಹುದು. ಅವರ ಮಗಳ ಹಾಸ್ಟೆಲ್ ಅರ್ಜಿ ತುಂಬಿಸಿ, ಬ್ಯಾಂಕಿನ ಕಾಗದ ಓದಿ ಹೇಳಿ, ಪಹಣಿಯಲ್ಲಿ ತಪ್ಪಾದ ಹೆಸರು ಸರಿಪಡಿಸಲು ನಾಡಕಚೇರಿಗೆ ಜೊತೆಯಲ್ಲಿ ಹೋಗಿ. ಕೂಲಿ ಕೊಟ್ಟು ಮಾಡಿಸಲಾಗದ ಕೆಲಸಗಳೆಂದರೆ ಇವೇ, ನಿಮ್ಮ ಓದು ಉಪಯೋಗಕ್ಕೆ ಬರುವುದೂ ಇಲ್ಲಿಯೇ.

4. ಲಕ್ಕಮ್ಮನ ಅಳತೆ ಕಲಿಯಿರಿ

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನಮ್ಮ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸಿದವರು. ಒಂದು ದಿನ ಮಾರಯ್ಯ ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ, ಎಲ್ಲಿಂದ ತಂದೆಯೋ ಅಲ್ಲಿಗೇ ಹಾಕಿ ಬಾ ಎಂದು ಕಳಿಸಿದಳು ಎಂಬುದು ನಾವೆಲ್ಲ ಕೇಳಿ ಬೆಳೆದ ಕಥೆ. ನನಗೆ ಇದು ದಾನ ಪಡೆಯುವವರ ಘನತೆಯ ಕಥೆಯಾಗಿ ಕಾಣುತ್ತದೆ.

ಸಂಘದ ಹೊಲಕ್ಕೂ ಒಬ್ಬ ಲಕ್ಕಮ್ಮ ಬೇಕು. ಈ ಹಂಗಾಮಿಗೆ ಬೀಜ ಇಷ್ಟು, ಗೊಬ್ಬರ ಇಷ್ಟು, ಕೂಲಿ ಇಷ್ಟು ಎಂದು ಹಾಳೆಯಲ್ಲಿ ಬರೆದು, ಅದು ತುಂಬಿದ ಮೇಲೆ "ಸಾಕ್ರಿ, ಇನ್ನ ಬ್ಯಾಡ" ಎನ್ನಬಲ್ಲವಳು. ಹಾಗೆ ಅನ್ನುವ ಸಂಘವನ್ನು ಕಂಡರೆ ಮುಂದಿನ ವರ್ಷವೂ ಅಲ್ಲಿಗೇ ಕೊಡಿ. ಅಗತ್ಯವಿಲ್ಲದ ನಾಲ್ಕನೇ ಸ್ಪ್ರೇಯರ್ ಪಂಪು, ಇಡಲು ಜಾಗವಿಲ್ಲದ ಪ್ಲಾಸ್ಟಿಕ್ ಕುರ್ಚಿ, ದುರಸ್ತಿ ಮಾಡುವವರಿಲ್ಲದ ಯಂತ್ರ ಇವನ್ನೆಲ್ಲ ಬೇಡವೆನ್ನಲು ಸಂಕೋಚಪಟ್ಟು ಇಟ್ಟುಕೊಂಡ ಸಂಘಗಳ ಮೂಲೆ ತುಂಬಿರುತ್ತದೆ. ಆ ಸಂಕೋಚಕ್ಕೆ ಅವಕಾಶ ಕೊಡದಿರುವುದು ಕೊಡುವವರ ಜವಾಬ್ದಾರಿ.

5. ಕುರಿ ನಿಲ್ಲಿಸಿ

ದೇಣಿಗೆಯ ಪಟ್ಟಿಯಲ್ಲಿ ಯಾರೂ ಬರೆಯದ ಬಾಬತ್ತು ಇದು. ಸುಗ್ಗಿ ಮುಗಿದ ಮೇಲೆ ಕುರಿಗಾರರು ಹಿಂಡು ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಬರುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹಿಕ್ಕೆ, ಗಂಜಲ ಎರಡೂ ನೇರ ಮಣ್ಣಿಗೆ. ಹೇರುವ ಖರ್ಚಿಲ್ಲ, ಹರಡುವ ಖರ್ಚಿಲ್ಲ. ಕುರಿಗಾರನಿಗೆ ದವಸವೋ ಹಣವೋ ಸಲ್ಲುತ್ತದೆ. ಮೂರು ನಾಲ್ಕು ರಾತ್ರಿಯ ಆ ಹಣವನ್ನು ನೀವು ಕೊಟ್ಟರೆ ಒಂದೇ ದೇಣಿಗೆಯಲ್ಲಿ ಹೊಲವೂ ಉಣ್ಣುತ್ತದೆ, ಕುರಿಗಾರನೂ ಉಣ್ಣುತ್ತಾನೆ.

ಬೇವಿನ ಬೀಜವೂ ಹಾಗೆಯೇ. ಮೇ ತಿಂಗಳಿಂದ ಜುಲೈವರೆಗೆ ನಮ್ಮ ರಸ್ತೆ, ಗುಡಿ, ಶಾಲೆಗಳ ಬೇವಿನ ಮರದ ಕೆಳಗೆ ಹಣ್ಣು ಉದುರಿ ಹಾಳಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿ ಸಂಘಕ್ಕೆ ಮುಟ್ಟಿಸಿ. ಸಿಂಧನೂರಿನಿಂದ ಮಾನ್ವಿಗೆ ಹೋಗುವ ದಾರಿಯಲ್ಲಿ ಪೋತ್ನಾಳವಿದೆ. ಅಲ್ಲಿನ ಜಾಗೃತ ಮಹಿಳಾ ಸಂಘಟನೆಯ ದಲಿತ ಕೂಲಿ ಹೆಣ್ಣುಮಕ್ಕಳು ಬೇವಿನಿಂದ ಗೊಬ್ಬರ ಮಾಡಿ, ಸುಟ್ಟ ಮಣ್ಣಿನ ಆಭರಣ ಮಾಡಿ, ಚಿಲಿಪಿಲಿ ಎಂಬ ಶಾಲೆಯಲ್ಲಿ ದುಡಿಯುವ ಮಕ್ಕಳಿಗೆ ಅಕ್ಷರ ಕಲಿಸಿ ತೋರಿಸಿದವರು. ಹೊರಗಿನಿಂದ ದುಬಾರಿ ಗೊಬ್ಬರ ತರಿಸಿಕೊಡುವ ಮೊದಲು ಹಾದಿಬದಿಯ ಮರದ ಬುಡ ನೋಡಿ.

6. ನೀರಿಗೆ ಕೊಡುವಾಗ ಎರಡು ಸಲ ಯೋಚಿಸಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿನ ಜನ ನಿದ್ದೆ ಮಾಡಲಿಲ್ಲ. ಮುಂದೆ 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ ಬಂತು. ಮುನಿರಾಬಾದಿನ ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆಯಲ್ಲಿ ಏನಾಯಿತು, ಕಾಲುವೆಯ 69ನೇ ಮೈಲಿನಲ್ಲಿ ನೀರಿನ ಗೇಜ್ ಎಷ್ಟಿದೆ ಎಂಬುದೇ ಕೆಳಭಾಗದ ಊರುಗಳಲ್ಲಿ ಚಹಾ ಅಂಗಡಿಯ ಮಾತು. ಒಂದು ಸಣ್ಣ ಸಂಘ ಈ ಗೇಜಿನ ಮೇಲೆ ಜೀವ ಇಟ್ಟುಕೊಂಡು ಕೂರಲಾಗದು.

ಆದ್ದರಿಂದ ಬೋರ್‌ವೆಲ್ ಕೊರೆಸುತ್ತೇನೆ ಎನ್ನುವ ಮೊದಲು ಕೃಷಿ ಹೊಂಡದ ಕಡೆ ನೋಡಿ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಹೊಂಡಗಳು ಒಣಬೇಸಾಯದ ಊರುಗಳಿಗೆ ಪರಿಚಿತವಾಗಿವೆ. ಹಲವು ಕಡೆ ಹೊಂಡವಿದ್ದೂ ಹೂಳು ತುಂಬಿದೆ, ಹಾಸಿದ ಪ್ಲಾಸ್ಟಿಕ್ ಹರಿದಿದೆ, ಸುತ್ತ ಬೇಲಿಯಿಲ್ಲ. ಹೊಸದು ತೋಡಿಸುವುದಕ್ಕಿಂತ ಹಳೆಯದರ ಹೂಳು ಎತ್ತಿಸಿ ಬೇಲಿ ಕಟ್ಟಿಸುವುದಕ್ಕೆ ಕೊಡಿ. ಬೇಲಿಯನ್ನು ಮರೆಯಬೇಡಿ, ಮಕ್ಕಳು ಬೀಳುತ್ತಾರೆ.

ನೀರು ಹೆಚ್ಚಾದ ಕಡೆಯ ಕಷ್ಟ ಬೇರೆ. ವರ್ಷಕ್ಕೆ ಎರಡು ಸಲ ಭತ್ತಕ್ಕೆ ನೀರು ನಿಲ್ಲಿಸಿ ನಿಲ್ಲಿಸಿ ಕಾಲುವೆ ಕೆಳಗಿನ ಬಹಳಷ್ಟು ನೆಲ ಜವಳಾಗಿದೆ, ಸವುಳಾಗಿದೆ, ಬಿಳಿ ಉಪ್ಪು ಮೇಲೆ ಬಂದಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹಳ ವರ್ಷಗಳಿಂದ ಇದರ ಮೇಲೆ ಕೆಲಸ ಮಾಡುತ್ತಿದೆ. ಅಂಥ ನೆಲದ ಸಂಘಕ್ಕೆ ಪಂಪ್‌ಸೆಟ್ ಕೊಟ್ಟರೆ ಹುಣ್ಣಿನ ಮೇಲೆ ಬರೆ ಎಳೆದಂತೆ. ಬಸಿಗಾಲುವೆ ತೋಡಲು, ಡಯಂಚ ಬಿತ್ತಿ ಹಸಿರುಗೊಬ್ಬರವಾಗಿ ಉಳುಮೆ ಮಾಡಲು, ಪರೀಕ್ಷೆಯಲ್ಲಿ ಕ್ಷಾರ ಹೆಚ್ಚೆಂದು ಬಂದರೆ ಜಿಪ್ಸಂ ಹಾಕಲು ಕೊಡಿ. ಫಲ ಕಾಣಲು ಎರಡು ಮೂರು ವರ್ಷ ಬೇಕು ಎಂದು ಮೊದಲೇ ಮನಸ್ಸು ಗಟ್ಟಿಮಾಡಿಕೊಳ್ಳಿ.

7. ನೆಲದ ಕಾಗದ ನೋಡದೆ ದೊಡ್ಡ ಮೊತ್ತ ಕೊಡಬೇಡಿ

1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆ ಕೆಲವು ವಿನಾಯಿತಿ ಬಿಟ್ಟರೆ ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡಲು ಬಿಡುವುದಿಲ್ಲ. ಬಾಯಿಮಾತಿನ ಪಾಲು, ಬಾಯಿಮಾತಿನ ಲೀಜು ಊರೂರಲ್ಲಿ ನಡೆಯುತ್ತದೆ ನಿಜ, ಆದರೆ ಹೊಂಡ, ಬೇಲಿ, ಮರಗಳೆಲ್ಲ ನೆಲದ ಯಜಮಾನನ ಪಾಲಾಗುತ್ತವೆ. ಪಹಣಿ ಯಾರ ಹೆಸರಿನಲ್ಲಿದೆ ಎಂದು ಕೇಳುವುದು ಅನುಮಾನವಲ್ಲ. ಸಂಘದ ಅಥವಾ ಸದಸ್ಯರ ಸ್ವಂತ ನೆಲವಾದರೆ ಹೊಂಡ, ಬೇಲಿಗೆ ಕೊಡಿ. ಬೇರೆಯವರ ನೆಲವಾದರೆ ಹೊತ್ತು ಒಯ್ಯಬಹುದಾದದ್ದನ್ನು ಕೊಡಿ: ಬೀಜ, ಚೀಲ, ತಾಡಪತ್ರಿ, ಸಲಕರಣೆ, ಕೂಲಿ.

8. ರಸೀದಿ ಕೇಳಿ, ಲೆಕ್ಕ ಓದಿಸಿ

ಕೇಳಲು ನಾಚಬೇಡಿ. ತಿಂಗಳಿಗೊಮ್ಮೆ ಸಂಘದ ಸಭೆಯಲ್ಲಿ ಬಂದದ್ದು, ಹೋದದ್ದು ಎಲ್ಲರೆದುರು ಓದಿದರೆ ಸಾಕು, ಓದು ಬಾರದವರಿಗೂ ಲೆಕ್ಕ ಕಿವಿಗೆ ಬೀಳುತ್ತದೆ. ತೆರಿಗೆ ರಿಯಾಯಿತಿ ಬೇಕಿದ್ದರೆ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ ಮಾನ್ಯತೆ (80ಜಿ ಎಂದು ರೂಢಿಯಲ್ಲಿರುವುದು) ಇದೆಯೇ ನೋಡಿ. ₹2,000 ಮೀರಿದ ನಗದಿಗೆ ಆ ರಿಯಾಯಿತಿ ಸಿಗದು, ಬ್ಯಾಂಕ್ ಮೂಲಕವೇ ಕಳಿಸಿ. ಹೊರದೇಶದಲ್ಲಿರುವವರಿಗೆ ಒಂದು ಮುಖ್ಯ ಮಾತು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಆ ದೇಶದ ಪೌರತ್ವ ಪಡೆದುಬಿಟ್ಟಿದ್ದರೆ ಎನಿಸುತ್ತದೆ. ಆಗ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ನಿಮ್ಮ ಪ್ರೀತಿಯ ಹಣ ಪಾಪದ ಹೆಣ್ಣುಮಕ್ಕಳಿಗೆ ಕಾನೂನಿನ ತೊಡಕಾಗಬಾರದು. ಬೇರೆ ದೇಶದ ಪೌರತ್ವ ಪಡೆದವರು ಊರಿಗೆ ಬಂದಾಗ ಕೈಯಿಂದ, ತಲೆಯಿಂದ ದುಡಿದು ಕೊಡಲಿ.

9. ಬೀಜವನ್ನು ದಾನ ಮಾಡಬೇಡಿ, ಕಡ ಕೊಡಿ

ಒಂದು ಸೇರು ಒಯ್ದವರು ಸುಗ್ಗಿಯಲ್ಲಿ ಎರಡು ಸೇರು ತಂದು ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿ. ಒಮ್ಮೆ ಹತ್ತು ಸೇರು ಒಳ್ಳೆಯ ನವಣೆ ಬೀಜ ಸಂಘದ ಗಡಿಗೆಗೆ ಬಿದ್ದರೆ ಮುಂದಿನ ವರ್ಷಗಳಿಗೆ ದಾನಿಯೇ ಬೇಡ.

ಇದು ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮವನ್ನು ನೋಡಿ. ಅಲ್ಲಿನ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಹಜ ಸಮೃದ್ಧ ಸಂಸ್ಥೆಯ ಒತ್ತಾಸೆಯಿಂದ ಸಿರಿಧಾನ್ಯದ ಬೀಜ ಕೂಡಿಟ್ಟು ಹಂಚಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಬೀದರಿನ ಗಡಿಯಾಚೆ ಜಹೀರಾಬಾದ್ ಸೀಮೆಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಹೆಣ್ಣುಮಕ್ಕಳು ಬೀಳು ಭೂಮಿಯನ್ನು ಸಾಗು ಮಾಡಿ, ತಮ್ಮದೇ ಜೋಳದ ಪಡಿತರ ನಡೆಸಿದರು. 2019ರಲ್ಲಿ ಅವರಿಗೂ ಇದೇ ಪ್ರಶಸ್ತಿ. ಅವರ ಬೆನ್ನಿಗೆ ನಿಂತಿದ್ದ ಪಿ.ವಿ. ಸತೀಶ್ ಹುಟ್ಟಿದ್ದು ಮೈಸೂರಿನಲ್ಲಿ. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಸಾಧ್ಯವಾದರೆ ನಿಮ್ಮ ಸಂಘದ ಇಬ್ಬರು ಹೆಣ್ಣುಮಕ್ಕಳ ಬಸ್ ಖರ್ಚು, ಎರಡು ದಿನದ ಕೂಲಿ ಕೊಟ್ಟು ತೀರ್ಥಕ್ಕೋ ಪಸ್ತಾಪುರಕ್ಕೋ ಕಳಿಸಿ. ತಮ್ಮಂಥವರೇ ಮಾಡಿದ್ದನ್ನು ಕಣ್ಣಾರೆ ಕಂಡು ಬಂದವರಿಗೆ ಭಾಷಣ ಬೇಕಿಲ್ಲ.

10. ಬೆಳೆದದ್ದನ್ನು ಕೊಳ್ಳಿ, ಚೌಕಾಸಿ ಬಿಡಿ

ಬಿತ್ತನೆಯ ಹೊತ್ತಿಗೇ "ನಮ್ಮ ಮನೆಗೆ ವರ್ಷಕ್ಕೆ ಇಪ್ಪತ್ತು ಕೆ.ಜಿ. ತೊಗರಿ, ಒಂದು ಚೀಲ ಬಿಳಿಜೋಳ" ಎಂದು ಹೇಳಿ ಅರ್ಧ ಹಣ ಮುಂಗಡ ಕೊಡಿ. ಆ ಮುಂಗಡವೇ ಅವರಿಗೆ ಸಾಲವಿಲ್ಲದ ಬಂಡವಾಳ. ದರವನ್ನು ಸಂಘವೇ ಹೇಳಲಿ.

11. ಸಣ್ಣ ಕೈಗಳನ್ನು ಕೂಡಿಸಿ

ಮಸ್ಕಿಯ ಬೆಟ್ಟದ ಬಂಡೆಯ ಮೇಲಿನ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ, ದೇವಾನಾಂಪ್ರಿಯನೇ ಅಶೋಕ ಎಂದು ಲೋಕಕ್ಕೆ ಖಚಿತವಾಯಿತು. ಇದನ್ನು ಶಾಲೆಯಲ್ಲಿ ಎಲ್ಲರೂ ಓದುತ್ತೇವೆ. ಅದೇ ಶಾಸನದ ಇನ್ನೊಂದು ಮಾತು ನಮಗೆ ಹೆಚ್ಚು ಬೇಕು: ಈ ಒಳಿತು ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬೇಡಿ, ಮನಸ್ಸಿಟ್ಟರೆ ಸಣ್ಣವರಿಗೂ ದಕ್ಕುತ್ತದೆ, ಇಬ್ಬರಿಗೂ ಇದನ್ನು ಹೇಳಿ ಎಂಬ ಅರ್ಥದ್ದು.

ತಿಂಗಳಿಗೆ ₹100 ಕೊಡುವ 50 ಮನೆಗಳಿದ್ದರೆ ವರ್ಷಕ್ಕೆ ₹60,000. ಒಬ್ಬ ದೊಡ್ಡ ದಾನಿ ಕೊಡುವ ಅಷ್ಟೇ ಹಣಕ್ಕಿಂತ ಇದು ಗಟ್ಟಿ, ಏಕೆಂದರೆ ಒಬ್ಬರ ಮುನಿಸಿನಿಂದ ನಿಲ್ಲುವುದಿಲ್ಲ. ಕೊಡುವ ರೂಢಿ ನಮ್ಮ ಸೀಮೆಗೆ ಹೊಸದೂ ಅಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಊರುಗಳಿಂದ ಲಕ್ಷಗಟ್ಟಲೆ ರೊಟ್ಟಿ ಹೋಗುತ್ತವೆ, ಒಬ್ಬೊಬ್ಬ ತಾಯಿ ತಟ್ಟಿದ್ದು ಹತ್ತೋ ಇಪ್ಪತ್ತೋ. ಸಿಂಧನೂರಿನಿಂದ ಜನ ಹೋಗಿ ದಾಸೋಹಕ್ಕೆ ಸಿಹಿ ಮಾಡಿ ಬಡಿಸುತ್ತಾರೆ. 2019ರಲ್ಲಿ ಅದೇ ಮಠದ ಶ್ರೀಗಳು ಮುಂದೆ ನಿಂತು ಹಿರೇಹಳ್ಳದ ಹೂಳು ಎತ್ತಿಸಲು ಹೊರಟಾಗ ಜನ ಸಲಿಕೆ ಹಿಡಿದು ಬಂದರು. ಸಿಂಧನೂರಿನ ಪುನರ್ವಸತಿ (ಆರ್.ಎಚ್.) ಕ್ಯಾಂಪುಗಳ ಬಂಗಾಳಿ ಕುಟುಂಬಗಳು, ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆನಿಂತ ಕ್ಯಾಂಪಿನವರು, ಹಟ್ಟಿ ಚಿನ್ನದ ಗಣಿಯ ಕಾರ್ಮಿಕರು, ಮುದಗಲ್ಲಿನ ಅಂಗಡಿಯವರು, ಎಲ್ಲರನ್ನೂ ಕೇಳಿ. ಕ್ಯಾಂಪಿನ ಒಬ್ಬ ಅನುಭವಿ ಕಾಯಿಪಲ್ಲೆ ಬೆಳೆಗಾರ ಎರಡು ಭಾನುವಾರ ಬಂದು ಮಡಿ ಮಾಡುವುದನ್ನು ತೋರಿಸಿಕೊಟ್ಟರೆ, ಅದರ ಬೆಲೆ ಯಾವ ಚೆಕ್ಕಿನಲ್ಲೂ ಬರೆಯಲಾಗದು.

12. ಬೆಳೆ ಕೈಕೊಟ್ಟ ವರ್ಷ ತಪ್ಪದೆ ಹೋಗಿ

ತೊಗರಿ ಹೂ ಉದುರಿ ಕಾಯಿ ಕಟ್ಟದ ವರ್ಷ, ಮಂಜು ಬಿದ್ದು ಕಡಲೆ ಸುಟ್ಟ ವರ್ಷ ಇದ್ದೇ ಇರುತ್ತದೆ. ಆಗಲೂ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೆಣ್ಣುಮಕ್ಕಳು ಹೊಲಕ್ಕೆ ಬರುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಕಟ್ಟಿಕೊಂಡು ನೀವೂ ಹೋಗಿ. ಭೂಮಿಗೆ ಎಡೆ ಹಾಕಿದ ಮೇಲೆ ಎಲ್ಲರೂ ಸಾಲಾಗಿ ಕೂತಾಗ ಅವರ ಪಕ್ಕದಲ್ಲಿ ಕೂತು ಉಣ್ಣಿ. ಹೋದ ಬೆಳೆಯ ಲೆಕ್ಕ ನೀವಾಗಿ ಎತ್ತಬೇಡಿ. ಊಟ ಮುಗಿದು, ಬುತ್ತಿಯ ಬಟ್ಟೆ ಝಾಡಿಸುವ ಹೊತ್ತಿಗೆ ಕೇಳಿ: "ಯಕ್ಕ, ಮುಂಗಾರಿಗಿ ಬೀಜ ಐತೇನು?"